ಡೇ ಕೇರ್‌ನ ಒಗೆಯುವ ಜಾಗ: ಸಹಾಯಕಿಗೆ ಎಟುಕಬೇಕು, ಮಗುವಿಗೆ ಎಟುಕಬಾರದು

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಸ್ವಂತ ಮನೆಯ ನೆಲಮಹಡಿಯಲ್ಲಿ ಡೇ ಕೇರ್ ನಡೆಸುತ್ತಿದ್ದೇನೆ. ಒಂದರಿಂದ ಆರು ವರ್ಷದವರೆಗಿನ ಮಕ್ಕಳಿದ್ದಾರೆ. ಮೊದಲಿನಿಂದಲೂ ನಮ್ಮೊಂದಿಗಿರುವ ಸಹಾಯಕಿಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿತ್ತು. ಕಾಲಿಗೆ ಆಸರೆ ಕೊಡುವ ಕ್ಯಾಲಿಪರ್ ಹಾಕಿಕೊಂಡು ಊರುಗೋಲಿನಲ್ಲಿ ನಡೆಯುತ್ತಿದ್ದರು. ಈಚೆಗೆ ಭುಜದ ನೋವು ಹೆಚ್ಚಾಗಿ ದಿನದ ಅರ್ಧ ಹೊತ್ತು ಗಾಲಿಕುರ್ಚಿಯಲ್ಲೇ ಇರುತ್ತಾರೆ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ) ಇರುವ ಐದು ವರ್ಷದ ಹುಡುಗಿಯೊಬ್ಬಳೂ ಗಾಲಿಕುರ್ಚಿಯಲ್ಲಿ ಬರುತ್ತಾಳೆ. ಬಟ್ಟೆ ಒಗೆಯುವ ಜಾಗ ಅಡುಗೆಮನೆಯ ಹಿಂದೆ, ಎರಡು ಮೆಟ್ಟಿಲು ಕೆಳಗಿದೆ. ಐದು ಅಡಿ ಅಗಲ, ಒಂಬತ್ತು ಅಡಿ ಉದ್ದ. ಮೇಲಿನಿಂದ ಬಟ್ಟೆ ಹಾಕುವ ಮೆಷಿನ್, ಒಗೆಯುವ ಕಲ್ಲು, ಒಂದು ನಲ್ಲಿ ಇವೆ. ಒಣಗಿಸುವುದು ತಾರಸಿಯಲ್ಲಿ. ಮಕ್ಕಳ ಕೈಗೆ ಸಿಗಬಾರದೆಂದು ಫಿನಾಯಿಲ್, ಆಸಿಡ್, ಸೋಪಿನ ಪುಡಿ ಎಲ್ಲವನ್ನೂ ಅಟ್ಟದ ಮೇಲೆ ಇಟ್ಟಿದ್ದೇವೆ. ಸಹಾಯಕಿಗೆ ಬಟ್ಟೆಯ ಕೆಲಸ ತಪ್ಪಿಸಿ ಬೇರೆ ಕೆಲಸ ಕೊಟ್ಟರೆ ಸಾಕು ಎನ್ನುತ್ತಾರೆ ನಮ್ಮ ಯಜಮಾನರು. ಜಾಗವನ್ನೇ ಸರಿಪಡಿಸುವುದಾದರೆ ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಯಜಮಾನರ ಸಲಹೆಯನ್ನೇ ಮೊದಲು ನೋಡೋಣ. ಡೇ ಕೇರ್‌ನಲ್ಲಿ ಬಟ್ಟೆಯ ಕೆಲಸಕ್ಕೆ ಹೊತ್ತು ಗೊತ್ತು ಇರುವುದಿಲ್ಲ. ಒಂದು ಮಗು ಹಾಸಿಗೆ ಒದ್ದೆ ಮಾಡುತ್ತದೆ, ಇನ್ನೊಂದು ಸಾರನ್ನವನ್ನು ಮೈಮೇಲೆ ಸುರಿದುಕೊಳ್ಳುತ್ತದೆ, ಮತ್ತೊಂದು ವಾಂತಿ ಮಾಡುತ್ತದೆ. ಆ ಗಳಿಗೆಯಲ್ಲಿ ಮಗುವಿನ ಹತ್ತಿರ ಯಾರಿದ್ದಾರೋ ಅವರೇ ಬಟ್ಟೆ ಬದಲಿಸಿ, ಕೊಳೆಯಾದದ್ದನ್ನು ಒಯ್ದು, ಕೈ ತೊಳೆದು ಬರಬೇಕು. ಹತ್ತಿರ ಇರುವವರಿಗೆ ಒಗೆಯುವ ಜಾಗಕ್ಕೆ ಹೋಗಲಾಗದಿದ್ದರೆ ಇನ್ನೊಬ್ಬರನ್ನು ಕೂಗಬೇಕು. ಆ ಇನ್ನೊಬ್ಬರು ತಾವು ನೋಡಿಕೊಳ್ಳುತ್ತಿದ್ದ ನಾಲ್ಕೈದು ಮಕ್ಕಳನ್ನು ಬಿಟ್ಟು ಬರಬೇಕು. ಹಾಗಾಗಿ ಕೆಲಸ ಬದಲಾಯಿಸಿದರೆ ನಿಮ್ಮ ತೊಂದರೆ ತೀರುವುದಿಲ್ಲ. ಅದು ಮಕ್ಕಳ ಮೇಲಿನ ಕಣ್ಗಾವಲಿಗೆ ವರ್ಗವಾಗುತ್ತದೆ, ಅಷ್ಟೇ.

ಇನ್ನೊಂದು ಮಾತು. ಭಾರತದಲ್ಲಿ ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ದೇಶ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ರೋಗ ಹೋಯಿತೆಂದು ನಾವು ಮರೆತೆವು. ಅದು ತಗುಲಿದ ತಲೆಮಾರು ಮಾತ್ರ ಈಗ ನಡುವಯಸ್ಸಿನಲ್ಲಿದೆ, ಎಲ್ಲೆಲ್ಲೂ ದುಡಿಯುತ್ತಿದೆ. ವರ್ಷಗಟ್ಟಲೆ ದೇಹದ ಭಾರವನ್ನು ಊರುಗೋಲಿನ ಮೂಲಕ ಹೊತ್ತ ಭುಜ ಸವೆಯುತ್ತದೆ. ಇಂಥವರು ಮಾಡಲೇಬಾರದ ಕೆಲಸವೆಂದರೆ ಭುಜಕ್ಕಿಂತ ಮೇಲೆ ಕೈಯೆತ್ತಿ ಭಾರ ಇಳಿಸುವುದು. ನಿಮ್ಮ ಅಟ್ಟ ಅವರಿಂದ ದಿನವೂ ಅದನ್ನೇ ಮಾಡಿಸುತ್ತಿದೆ, ಇಲ್ಲವೇ ಇನ್ನೊಬ್ಬರ ಮುಖ ನೋಡುವಂತೆ ಮಾಡುತ್ತಿದೆ.

ಕಾನೂನಿನ ಮಾತನ್ನು ಇಲ್ಲಿಗೇ ಮುಗಿಸಿಬಿಡುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ ಮತ್ತು ಖಾಸಗಿ ಸಂಸ್ಥೆಗಳನ್ನೂ ತನ್ನ ವ್ಯಾಪ್ತಿಗೆ ತರುತ್ತದೆ. ಕಟ್ಟಡಗಳು ಎಲ್ಲರ ಬಳಕೆಗೆ ಬರಲು ಬೇಕಾದ ಅಳತೆಗಳಿಗೆ ಕೇಂದ್ರ ಸರ್ಕಾರದ 2021ರ ಸಾರ್ವತ್ರಿಕ ಸುಗಮ್ಯತೆಯ ಮಾರ್ಗಸೂಚಿ ಇದೆ. 2017ರ ತಿದ್ದುಪಡಿಯ ನಂತರ ಹೆರಿಗೆ ಸೌಲಭ್ಯ ಕಾಯ್ದೆಯೂ ಐವತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಬೇಕೆಂದಿತ್ತು; 2025ರ ನವೆಂಬರ್‌ನಲ್ಲಿ ಅದರ ಬದಲು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ನಿಯಮ ಉಳಿದಿದೆ. ಹಾಗಾಗಿ ಹೆಬ್ಬಾಳ, ಹೂಟಗಳ್ಳಿ ಕಡೆಯ ಕಾರ್ಖಾನೆಗಳ ಆಡಳಿತದವರಿಗೂ ಮುಂದೆ ಹೇಳುವ ಮಾತು ಅನ್ವಯಿಸುತ್ತದೆ. ನಿಮ್ಮ ಒಂಬತ್ತು ಅಡಿಯ ಹಿತ್ತಲಿಗೆ ಯಾವ ಅಧಿಕಾರಿಯೂ ಅಳತೆಪಟ್ಟಿ ಹಿಡಿದು ಬರಲಿಕ್ಕಿಲ್ಲ. ಆದರೂ ಆ ಅಳತೆಗಳು ಉಪಯೋಗಕ್ಕೆ ಬರುತ್ತವೆ.

ಎತ್ತರವನ್ನು ನಂಬಬೇಡಿ

ನಮ್ಮ ಮನೆಗಳಲ್ಲಿ ಮಕ್ಕಳಿಂದ ಏನನ್ನು ಕಾಪಾಡಬೇಕಾದರೂ ಮಾಡುವ ಉಪಾಯ ಒಂದೇ: ಮೇಲೆ ಇಡುವುದು. ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲೇ. ಗಾಲಿಕುರ್ಚಿಯಲ್ಲಿ ಕುಳಿತವರ ಕೈ ಆರಾಮವಾಗಿ ಆಡುವುದು ನೆಲದಿಂದ ಸುಮಾರು 400 ಮಿಲಿಮೀಟರಿನಿಂದ 1200 ಮಿಲಿಮೀಟರಿನವರೆಗೆ, ಅಂದರೆ ಹದಿನಾರು ಅಂಗುಲದಿಂದ ನಾಲ್ಕು ಅಡಿಯವರೆಗೆ. ಐದು ವರ್ಷದ ಮಗುವಿನ ಸರಾಸರಿ ಎತ್ತರ ಮೂರೂವರೆ ಅಡಿಗಿಂತ ತುಸು ಹೆಚ್ಚು. ತುದಿಗಾಲಲ್ಲಿ ನಿಂತು ಕೈ ಚಾಚಿದರೆ ನಾಲ್ಕು ಅಡಿ ದಾಟುತ್ತದೆ. ಎರಡೂ ಒಂದೇ ಪಟ್ಟಿ. ನಿಮ್ಮ ಸಹಾಯಕಿಗೆ ಎಟುಕುವುದೆಲ್ಲ ಮಗುವಿಗೂ ಎಟುಕುತ್ತದೆ. ಮಗುವಿಗೆ ಎಟುಕದಂತೆ ಮೇಲಕ್ಕೆ ಏರಿಸಿದ್ದೆಲ್ಲ ಮೊದಲು ಸಹಾಯಕಿಗೆ ಎಟುಕದೆ ಹೋಗುತ್ತದೆ. ಮಗುವಾದರೋ ಸ್ಟೂಲು ಎಳೆದುಕೊಂಡು ಬಂದು, ಮಗುಚಿದ ಬಕೆಟ್ ಮೇಲೆ ಹತ್ತಿ, ಇನ್ನೂ ಅರ್ಧ ಅಡಿ ಗಳಿಸಿಕೊಳ್ಳುತ್ತದೆ.

ಆದ್ದರಿಂದ ಎತ್ತರದ ಭರವಸೆಯನ್ನು ಬಿಟ್ಟು ಬೀಗದ ಭರವಸೆಗೆ ಬನ್ನಿ. ಒಗೆಯುವ ಜಾಗದ ಬಾಗಿಲು ತಾನೇ ಮುಚ್ಚಿಕೊಳ್ಳುವಂತಿರಲಿ, ಮುಚ್ಚಿದೊಡನೆ ಬೀಗ ಬೀಳಲಿ; ಒಳಗೆ ಎಲ್ಲವೂ ಕುಳಿತವರ ಕೈಯಳತೆಯಲ್ಲಿ ಇರಲಿ. ಬಾಗಿಲಿನ ಬೀಗ ತಿರುಚುವ ಗುಂಡುಹಿಡಿ ಆಗಬಾರದು. ಊರುಗೋಲು ಹಿಡಿದ ಕೈಗೆ, ಸೋಪು ಮೆತ್ತಿದ ಕೈಗೆ ಅದು ತಿರುಗುವುದಿಲ್ಲ. ಅಂಕಿ ಒತ್ತಿ ತೆರೆಯುವ ಬೀಗವನ್ನು ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಹಾಕಿಸಿ. ಒಳಗಿನಿಂದ ಉದ್ದ ಹಿಡಿಯೊಂದನ್ನು ಕೆಳಕ್ಕೆ ಒತ್ತಿದರೆ ಯಾವ ಅಂಕಿಯೂ ಇಲ್ಲದೆ ತೆರೆಯಬೇಕು. ಒಳಗೆ ಯಾರೂ ಸಿಕ್ಕಿಕೊಳ್ಳಬಾರದು. ಅಂಕಿಗಳನ್ನು ಆಗಾಗ ಬದಲಿಸಿ, ಮಕ್ಕಳೆದುರು ಒತ್ತಬೇಡಿ. ಒಂದರಿಂದ ಹತ್ತು ಕಲಿಸುವ ಶಾಲೆ ನಿಮ್ಮದೇ ಎಂಬುದು ನೆನಪಿರಲಿ.

ಬಾಗಿಲಿನಲ್ಲಿ ಗಾಜಿನ ಇಲ್ಲವೇ ದಪ್ಪ ಅಕ್ರಿಲಿಕ್‌ನ ಉದ್ದನೆಯ ಕಿಂಡಿ ಬೇಕು. ಅದು ಎರಡು ಅಡಿ ಎತ್ತರದಿಂದಲೇ ಶುರುವಾಗಲಿ. ಬಾಗಿಲಾಚೆ ಕುಳಿತಿರುವ ಪುಟ್ಟ ಮಗು ಒಳಗಿನವರಿಗೆ ಕಾಣಬೇಕು; ಗಾಲಿಕುರ್ಚಿಯಲ್ಲಿ ಕುಳಿತವರ ಕಣ್ಣು ನೆಲದಿಂದ ನಾಲ್ಕು ಅಡಿಗಿಂತ ಮೇಲೆ ಇರುವುದು ಕಡಿಮೆ. ಎದೆಯೆತ್ತರದಲ್ಲಿ ಒಂದು ಚೌಕ ಗಾಜು ಹಾಕಿ ಮುಗಿಸುವ ಬಡಗಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ.

ಕೋಣೆಯ ಒಳಗೂ ಎರಡನೆಯ ಬೀಗ ಒಂದೇ ಒಂದು ಕಪಾಟಿಗೆ ಬೇಕು: ಬ್ಲೀಚಿಂಗ್ ಪುಡಿ, ಫಿನಾಯಿಲ್, ಸೋಪಿನ ದ್ರಾವಣ ಇರುವ ಕಪಾಟು. ಹೊರಗೆ ಏನೂ ಕಾಣದಂತೆ ಒಳಗಡೆ ಅಂಟಿಸುವ ಆಯಸ್ಕಾಂತದ ಬೀಗಗಳು ಈಗ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತವೆ. ಆಯಸ್ಕಾಂತದ ಗುಂಡಿಯನ್ನು ಬಾಗಿಲಿನ ಮೇಲಿಟ್ಟು ಎಳೆದರೆ ಸಾಕು, ಬೆರಳಿನ ಬಲ ಬೇಡ. ಆ ಗುಂಡಿಯನ್ನು ಗುರುತಿನ ಚೀಟಿಯ ಜೊತೆ ಕೊರಳಲ್ಲಿ ಹಾಕಿಕೊಂಡರಾಯಿತು. ಆಸಿಡ್ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಮಕ್ಕಳಿರುವ ಕಟ್ಟಡದಲ್ಲಿ ಅದು ಯಾವ ಕಪಾಟಿನಲ್ಲೂ ಇರಬಾರದು. ಬ್ಲೀಚಿಂಗ್ ಪುಡಿಗೂ ಆಸಿಡ್‌ಗೂ ಸಂಪರ್ಕ ಬಂದರೆ ಕ್ಲೋರಿನ್ ಅನಿಲ ಏಳುತ್ತದೆ. ಐದಡಿ ಅಗಲದ ಜಾಗದಿಂದ ಊರುಗೋಲಿನವರು ಓಡಿ ಹೊರಬರುವುದು ಹೇಗೆ? ಉಳಿದ ದ್ರಾವಣಗಳನ್ನು ಖಾಲಿ ನೀರಿನ ಬಾಟಲಿಗೆ, ತಂಪು ಪಾನೀಯದ ಬಾಟಲಿಗೆ ಬಗ್ಗಿಸಿ ಇಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಸಹಜವಾಗಿದೆಯೆಂದರೆ ಯಾರೂ ಅದನ್ನು ತಪ್ಪೆಂದೇ ತಿಳಿಯುವುದಿಲ್ಲ. ಓದಲು ಬಾರದ ಮಗುವಿಗೆ ಬಾಟಲಿಯ ಆಕಾರವೇ ಗುರುತು. ತಂದ ಡಬ್ಬಿಯಲ್ಲೇ ಇರಲಿ.

ಮೆಟ್ಟಿಲು, ಹೊಸಿಲು, ನೀರು

ಎರಡು ಮೆಟ್ಟಿಲು ಎಂದರೆ ಸುಮಾರು ಒಂದು ಅಡಿ ಇಳಿತ. ಗಾಲಿಕುರ್ಚಿಯ ಇಳಿಜಾರಿಗೆ 1:12 ಲೆಕ್ಕ: ಒಂದು ಅಡಿ ಇಳಿಯಲು ಹನ್ನೆರಡು ಅಡಿ ಉದ್ದ ಬೇಕು. ನಿಮ್ಮ ಜಾಗವೇ ಒಂಬತ್ತು ಅಡಿ. ಮೆಟ್ಟಿಲಿನ ಮೇಲೆ ಹಲಗೆ ಹಾಕಿ ರ‍್ಯಾಂಪ್ ಎಂದು ಹೇಳುವ ಮೇಸ್ತ್ರಿಯ ಮಾತನ್ನು ಒಪ್ಪಬೇಡಿ. ಒದ್ದೆ ಜಾಗದ ಕಡಿದಾದ ಹಲಗೆ ಮೆಟ್ಟಿಲಿಗಿಂತ ಅಪಾಯ. ಇಲ್ಲಿ ಆಗಬೇಕಾದದ್ದು ಹಿತ್ತಲಿನ ನೆಲವನ್ನೇ ಒಂದು ಅಡಿ ಏರಿಸಿ ಅಡುಗೆಮನೆಯ ಮಟ್ಟಕ್ಕೆ ತರುವುದು. ಜಲ್ಲಿ-ಮಣ್ಣು ತುಂಬಿ, ದಮ್ಮಸು ಮಾಡಿ, ಮೇಲೆ ಕಾಂಕ್ರೀಟ್ ಹಾಕುವ ಕೆಲಸ. ಐದು-ಒಂಬತ್ತರ ಜಾಗಕ್ಕೆ ದೊಡ್ಡದೇನಲ್ಲ. ನೆಲ ಏರಿದರೆ ಒಳಚರಂಡಿಯ ಚೇಂಬರಿಗೆ ನೀರು ಹರಿಯಲು ಇಳಿಜಾರು ಹೆಚ್ಚು ಸಿಗುತ್ತದೆ, ಅದೂ ಒಂದು ಲಾಭ.

ಆದರೆ ನೆಲ ಏರಿಸುವಾಗ ಮೂರು ಕಡೆ ಕಣ್ಣಿಡಬೇಕು. ಮನೆಯ ಗೋಡೆಯಲ್ಲಿ ತೇವ ಮೇಲಕ್ಕೇರದಂತೆ ಪಾಯದ ಮಟ್ಟದಲ್ಲಿ ಒಂದು ತಡೆಪದರ ಇರುತ್ತದೆ. ಹೊಸ ನೆಲ ಅದಕ್ಕಿಂತ ಮೇಲೆ ಗೋಡೆಗೆ ತಾಗಿದರೆ ಮುಂದಿನ ಮಳೆಗಾಲಕ್ಕೆ ಅಡುಗೆಮನೆಯ ಗೋಡೆ ಬೆವರಲು ಶುರುವಾಗುತ್ತದೆ. ತುಂಬುವ ಮುನ್ನ ಆ ಗೋಡೆಗೆ ನೀರು ತಡೆಯುವ ಲೇಪ ಹಚ್ಚಿಸಿ. ಎರಡನೆಯದು ಕಾಂಪೌಂಡು. ನೆಲ ಒಂದು ಅಡಿ ಏರಿದರೆ ಕಾಂಪೌಂಡು ಒಂದು ಅಡಿ ಗಿಡ್ಡವಾಯಿತೆಂದೇ ಅರ್ಥ. ಹತ್ತುವ ಮಗುವಿಗೆ ಅದು ಆಹ್ವಾನ. ಮೇಲೆ ಜಾಲರಿ ಏರಿಸಿ. ಮೂರನೆಯದು, ಹಿಂಬದಿಯಲ್ಲಿ ಸಂಪು ಇಲ್ಲವೇ ಚೇಂಬರಿನ ಮುಚ್ಚಳ ಇದ್ದರೆ ಅದನ್ನು ಹೊಸ ನೆಲದ ಅಡಿಯಲ್ಲಿ ಹೂತುಬಿಡಬೇಡಿ. ಹೊಸ ಮಟ್ಟಕ್ಕೆ ತಂದು ಬೀಗ ಹಾಕುವ ಕಬ್ಬಿಣದ ಮುಚ್ಚಳ ಕೂರಿಸಿ.

ಒಗೆಯುವ ಜಾಗದ ನೀರು ಅಡುಗೆಮನೆಗೆ ನುಗ್ಗಬಾರದೆಂದೇ ಹಿಂದಿನವರು ಮೆಟ್ಟಿಲು ಇಳಿಸಿದ್ದು, ಹೊಸಿಲು ಎತ್ತರಿಸಿದ್ದು. ಎರಡನ್ನೂ ತೆಗೆದ ಮೇಲೆ ಆ ಕೆಲಸವನ್ನು ಬೇರೆ ಯಾವುದಾದರೂ ಮಾಡಬೇಕು. ಬಾಗಿಲಿನುದ್ದಕ್ಕೂ ನಾಲ್ಕು ಅಂಗುಲ ಅಗಲದ ಕಾಲುವೆ ತೋಡಿಸಿ, ಮೇಲೆ ಸ್ಟೀಲಿನ ಜಾಲರಿ ಮುಚ್ಚಿಸಿ. ಜಾಲರಿಯ ಸೀಳು 12 ಮಿಲಿಮೀಟರಿಗಿಂತ ಅಗಲ ಇರಬಾರದು ಮತ್ತು ನಡೆಯುವ ದಿಕ್ಕಿಗೆ ಅಡ್ಡವಾಗಿ ಇರಬೇಕು. ಉದ್ದಕ್ಕೆ ಇದ್ದರೆ ಗಾಲಿಕುರ್ಚಿಯ ಮುಂದಿನ ಸಣ್ಣ ಗಾಲಿ ಅದರೊಳಗೆ ಇಳಿದು ಕುರ್ಚಿ ಮುಂದಕ್ಕೆ ಮುಗ್ಗರಿಸುತ್ತದೆ. ಊರುಗೋಲಿನ ತುದಿಯೂ ಹಾಗೆಯೇ. ನೆಲದ ಇಳಿಜಾರು ಬಾಗಿಲಿನಿಂದ ದೂರಕ್ಕೆ, ಕಾಂಪೌಂಡಿನ ಕಡೆಗೆ ಇರಲಿ. ಐವತ್ತು ಅಂಗುಲಕ್ಕೆ ಒಂದು ಅಂಗುಲಕ್ಕಿಂತ ಹೆಚ್ಚು ಬೇಡ, ಇಲ್ಲವಾದರೆ ನಿಲ್ಲಿಸಿದ ಕುರ್ಚಿ ತಾನಾಗಿ ಉರುಳುತ್ತದೆ. ಹೊಸಿಲು ಇರಲೇಬೇಕೆಂದು ಮನೆಯ ಹಿರಿಯರು ಹೇಳಿದರೆ 12 ಮಿಲಿಮೀಟರ್ ಎತ್ತರದ, ಎರಡೂ ಬದಿ ಓರೆ ಮಾಡಿದ ಕಲ್ಲು ಹಾಕಿಸಿ. ಅರಿಶಿನ ಕುಂಕುಮ ಹಚ್ಚಲು ಅಷ್ಟು ಸಾಲುತ್ತದೆ.

ನೆಲಕ್ಕೆ ಪಾಲಿಷ್ ಗ್ರಾನೈಟ್ ಖಂಡಿತ ಬೇಡ. ಮಂಕು ಮುಖದ, ಜಾರದ ಸಣ್ಣ ಟೈಲ್ಸ್ ಒಳ್ಳೆಯದು. ಸಂದುಗಳು ಹೆಚ್ಚಾದಷ್ಟೂ ಹಿಡಿತ ಹೆಚ್ಚು. ಪಾಲಿಷ್ ಮಾಡದ ಸಾದರಹಳ್ಳಿ ಕಲ್ಲೂ ಆಗಬಹುದು. ಅಂಗಡಿಯಲ್ಲಿ ಟೈಲ್ಸ್ ಆರಿಸುವಾಗ ಒಣ ತುಂಡನ್ನು ಸವರಿ ನೋಡಿ ತೃಪ್ತಿಪಡಬೇಡಿ. ಅದರ ಮೇಲೆ ಸೋಪಿನ ನೀರು ಸುರಿದು, ನಿಮ್ಮ ಸಹಾಯಕಿಯ ಊರುಗೋಲಿನ ರಬ್ಬರ್ ತುದಿಯನ್ನು ಓರೆಯಾಗಿ ಒತ್ತಿ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ. ಆ ರಬ್ಬರ್ ತುದಿಯೂ ಸವೆದು ನುಣುಪಾಗಿದ್ದರೆ ಇವತ್ತೇ ಬದಲಿಸಿ, ಅದಕ್ಕೆ ಯಾವ ಮೇಸ್ತ್ರಿಯೂ ಬೇಡ.

ಮೆಷಿನ್ ಮತ್ತು ಕಲ್ಲು

ಮೇಲಿನಿಂದ ಬಟ್ಟೆ ಹಾಕುವ ಮೆಷಿನ್‌ನ ಬಾಯಿ ಸುಮಾರು ಮೂರು ಅಡಿ ಎತ್ತರದಲ್ಲಿದ್ದು, ತಳ ಆಳದಲ್ಲಿರುತ್ತದೆ. ಕುಳಿತವರಿಗೆ ತಳದ ಕಾಲುಚೀಲ ತೆಗೆಯಲು ಆಗುವುದೇ ಇಲ್ಲ. ಮುಂದಿನಿಂದ ಬಟ್ಟೆ ಹಾಕುವ ಮೆಷಿನ್ ಬೇಕು. ಅದನ್ನು ಹಾಗೆಯೇ ನೆಲದ ಮೇಲಿಟ್ಟರೆ ನಿಂತು ಕೆಲಸ ಮಾಡುವವರ ನಡು ಬಾಗುತ್ತದೆ. ಒಂದು ಅಡಿಯೊಳಗಿನ ಕಟ್ಟೆಯ ಮೇಲೆ ಕೂರಿಸಿದರೆ ಬಾಗಿಲು ಕುಳಿತವರ ಮಡಿಲಿನ ಮಟ್ಟಕ್ಕೆ ಬರುತ್ತದೆ, ಗುಂಡಿಗಳು ನಾಲ್ಕು ಅಡಿಯೊಳಗೇ ಉಳಿಯುತ್ತವೆ. ಕಟ್ಟೆ ಒಂದೂವರೆ ಅಡಿಯಾದರೆ ಸೋಪು ಹಾಕುವ ಡ್ರಾಯರ್ ಕೈತಪ್ಪುತ್ತದೆ. ಕಟ್ಟೆ ಗಟ್ಟಿ ಕಾಂಕ್ರೀಟಿನದಾಗಿರಲಿ. ಹಿಂಡುವಾಗ ಮೆಷಿನ್ ಅದುರಿ ಮುಂದಕ್ಕೆ ಸರಿಯುತ್ತದೆ, ಅದಕ್ಕೆ ಕಟ್ಟೆಯ ಮುಂದಿನ ಅಂಚಿನಲ್ಲಿ ಒಂದು ಅಂಗುಲದ ದಿಂಡು ಬೇಕು. ಅಂಗಡಿಯವರು ಕೊಡುವ ಗಾಲಿಯ ಸ್ಟ್ಯಾಂಡ್ ಮಕ್ಕಳಿರುವ ಕಡೆ ಬೇಡ.

ಈ ಮೆಷಿನ್‌ಗಳ ಬಾಗಿಲು ಸಾಮಾನ್ಯವಾಗಿ ಎಡಕ್ಕೆ ತೆರೆಯುತ್ತದೆ. ಹಾಗಾಗಿ ನಿಮ್ಮ ಜಾಗದ ಕೊನೆಯ ಗೋಡೆಯ ಎಡ ಮೂಲೆಗೆ ಮೆಷಿನ್ ಕೂರಿಸಿ, ಬಲಕ್ಕೆ ಉಳಿಯುವ ಮೂರು ಅಡಿಯನ್ನು ಖಾಲಿ ಬಿಡಿ. ಗಾಲಿಕುರ್ಚಿ ಪಕ್ಕಕ್ಕೆ ಬಂದು ನಿಲ್ಲುವುದು ಅಲ್ಲಿ. ಕೊಳೆಬಟ್ಟೆಯ ಬುಟ್ಟಿಗಳನ್ನು, ಅಕ್ಕಿ ಮೂಟೆಯನ್ನು, ಹಳೆಯ ಟಿವಿಯನ್ನು ಯಾರಾದರೂ ಅಲ್ಲಿ ತಂದಿಡುವುದು ಖಚಿತ. ನೆಲದ ಮೇಲೆ ಹಳದಿ ಬಣ್ಣದ ಚೌಕ ಬರೆಸಿಬಿಡಿ. ಮೆಷಿನ್‌ನ ಮಕ್ಕಳ ಬೀಗವನ್ನು ಬಳಸಿ, ಕೆಲಸವಿಲ್ಲದಾಗ ಬಾಗಿಲು ಮುಚ್ಚಿರಲಿ. ದುಂಡನೆಯ ಆ ಗುಹೆ ಮಕ್ಕಳನ್ನು ಕರೆಯುತ್ತದೆ.

ಒಗೆಯುವ ಕಲ್ಲನ್ನು ಎಸೆಯಬೇಡಿ. ಮಲ ಹತ್ತಿದ ಲಂಗೋಟಿಯನ್ನು, ಮಣ್ಣು ಮೆತ್ತಿದ ಚಡ್ಡಿಯನ್ನು ಮೆಷಿನ್‌ಗೆ ಹಾಕುವ ಮುನ್ನ ಒಮ್ಮೆ ಕೈಯಲ್ಲಿ ತಿಕ್ಕಲೇಬೇಕು. ಈಗ ಅದು ಮೊಣಕಾಲೆತ್ತರದಲ್ಲಿ ಇದ್ದೀತು; ಎಲ್ಲರೂ ಬಗ್ಗಿಯೇ ಒಗೆಯುವುದು. ಅದೇ ಚಪ್ಪಡಿಯನ್ನು ಎತ್ತಿ, ನಡುವೆ ಮೂರು ಅಡಿ ಅಂತರ ಬಿಟ್ಟು ಕಟ್ಟಿದ ಎರಡು ಇಟ್ಟಿಗೆ ಗೋಡೆಗಳ ಮೇಲೆ ಕೂರಿಸಿ. ಮೇಲ್ಮೈ 800 ಮಿಲಿಮೀಟರ್ ಮೀರಬಾರದು, ಕೆಳಗೆ ಮೊಣಕಾಲಿಗೆ 700 ಮಿಲಿಮೀಟರ್ ತೆರವಿರಬೇಕು. ಪಕ್ಕದಲ್ಲಿ ಆರು ಅಂಗುಲ ಆಳದ, ಆಳ ಹೆಚ್ಚಿಲ್ಲದ ಸಿಂಕ್. ಎಳೆದು ಹಿಡಿಯುವ ಹ್ಯಾಂಡ್ ಶವರ್. ಅರ್ಧ ಬೆರಳಿಗೆ ತೆರೆಯುವ ಲಿವರ್ ನಲ್ಲಿ. ನಲ್ಲಿ ಗೋಡೆಯ ಕಡೆ ಇರದೆ ಸಿಂಕಿನ ಬದಿಯಲ್ಲಿದ್ದರೆ ಮುಂದಕ್ಕೆ ಬಾಗಬೇಕಾಗಿಲ್ಲ. ಕಲ್ಲಿನ ಕೆಳಗಿನ ಈ ಖಾಲಿ ಜಾಗಕ್ಕೆ ಇನ್ನೊಂದು ಉಪಯೋಗವೂ ಇದೆ. ಗಾಲಿಕುರ್ಚಿ ತಿರುಗಲು 1500 ಮಿಲಿಮೀಟರ್ ವ್ಯಾಸದ ವೃತ್ತ ಬೇಕು. ನಿಮ್ಮ ಜಾಗದ ಅಗಲ ಸರಿಯಾಗಿ ಅಷ್ಟೇ. ಸಿಂಕಿನ ಕೆಳಗೆ ಪಾದದ ಹಲಗೆ ನುಗ್ಗುವಂತಿದ್ದರೆ ಮಾತ್ರ ಆ ವೃತ್ತ ಪೂರ್ತಿಯಾಗುತ್ತದೆ. ಅಲ್ಲಿ ಕಪಾಟು ಮಾಡಿಸಿದಿರೋ, ಅವರು ಹಿಮ್ಮುಖವಾಗಿಯೇ ಹೊರಬರಬೇಕು.

ಸೋಲಾರ್‌ನ ಬಿಸಿನೀರು ಸಿಂಕಿಗೆ ಬರುವುದಾದರೆ ಕೆಳಗಿನ ಪೈಪಿಗೆ ಫೋಮ್ ಸುತ್ತಿಸಿ. ಮೈಸೂರಿನ ಬೇಸಿಗೆಯಲ್ಲಿ ಸೋಲಾರ್ ನೀರು 60 ಡಿಗ್ರಿ ಮುಟ್ಟುವುದು ಸಾಮಾನ್ಯ. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನಲ್ಲಿ ಸ್ಪರ್ಶ ಇಲ್ಲದವರು ನಾಳೆ ನಿಮ್ಮಲ್ಲಿ ಕೆಲಸಕ್ಕೆ ಬಂದರೆ, ಮೊಣಕಾಲು ಸುಡುತ್ತಿರುವುದು ಅವರಿಗೆ ಗೊತ್ತೇ ಆಗುವುದಿಲ್ಲ. ಮಕ್ಕಳನ್ನು ತೊಳೆಯುವ ನಲ್ಲಿಗೆ ಉಷ್ಣತೆ ಮಿತಿಗೊಳಿಸುವ ವಾಲ್ವ್ ಹಾಕಿಸಿ, 38 ಡಿಗ್ರಿಗೆ ನಿಲ್ಲಿಸಿ. ಬಕೆಟ್‌ನಲ್ಲಿ ನೀರು ಹಿಡಿದಿಡುವ ಅಭ್ಯಾಸವನ್ನು ಪೂರ್ತಿ ಬಿಡಿ. ಎರಡು ಅಂಗುಲ ನೀರಿನಲ್ಲಿ ತಲೆಕೆಳಗಾದ ಒಂದು ವರ್ಷದ ಮಗು ಸದ್ದಿಲ್ಲದೆ ಮುಳುಗುತ್ತದೆ.

ಕೊಳೆಬಟ್ಟೆ ಅಡುಗೆಮನೆ ದಾಟುವುದು

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ನಿಮ್ಮ ನಕ್ಷೆಯಂತೆ ಮಲ ಹತ್ತಿದ ಬಟ್ಟೆ ಅಡುಗೆಮನೆಯ ಮೂಲಕವೇ ಹಿತ್ತಲಿಗೆ ಹೋಗುತ್ತದೆ. ನಮ್ಮ ಮೂವತ್ತು-ನಲವತ್ತರ ಸೈಟಿನ ಮನೆಗಳ ಹಣೆಬರಹವೇ ಇದು: ಯುಟಿಲಿಟಿ ಎಂದರೆ ಅಡುಗೆಮನೆಯ ಬಾಲ. ಮನೆಮಂದಿಗೆ ನಡೆಯುತ್ತದೆ, ಇಷ್ಟು ಮಕ್ಕಳಿಗೆ ಅಡುಗೆ ಮಾಡುವ ಕಡೆ ನಡೆಯುವುದಿಲ್ಲ. ಹಿಂಬದಿಯ ಬಚ್ಚಲಿನಿಂದಲೋ ಕೋಣೆಯಿಂದಲೋ ಹಿತ್ತಲಿಗೆ ಹೊಸ ಬಾಗಿಲು ಒಡೆಯಲು ಸಾಧ್ಯವೇ ಎಂದು ಇಂಜಿನಿಯರ್ ಒಬ್ಬರಿಂದ ನೋಡಿಸಿ. ಬಾಗಿಲು ತೆರೆದಾಗ ಮೂರು ಅಡಿ, ಅಂದರೆ 900 ಮಿಲಿಮೀಟರ್, ಪೂರ್ತಿ ತೆರವು ಸಿಗಬೇಕು. ಹಳೆಯ ಎರಡೂವರೆ ಅಡಿಯ ಬಾಗಿಲಿನಲ್ಲಿ ಬೆರಳ ಗಂಟು ಉಜ್ಜಿಕೊಂಡು ಕುರ್ಚಿ ತಳ್ಳಬೇಕಾಗುತ್ತದೆ. ಜಾಗ ಸಾಲದಿದ್ದರೆ ಗೋಡೆಗೆ ಒತ್ತಿ ಪಕ್ಕಕ್ಕೆ ಸರಿಯುವ ಬಾಗಿಲು ಹಾಕಿಸಿ. ಹೊಸ ಬಾಗಿಲು ಆಗದ ಮಾತಾದರೆ ಮುಚ್ಚಳದ ಡಬ್ಬದಲ್ಲೇ ಬಟ್ಟೆ ದಾಟಲಿ, ಅಡುಗೆ ಮತ್ತು ಬಡಿಸುವ ಹೊತ್ತಿನಲ್ಲಿ ದಾಟದಿರಲಿ.

ಆ ಡಬ್ಬದ ಬಗ್ಗೆ ಒಂದು ಮಾತು. ಶುಚಿತ್ವದ ಹೆಸರಿನಲ್ಲಿ ಎಲ್ಲರೂ ಕಾಲಿನಿಂದ ತುಳಿದು ತೆರೆಯುವ ಡಬ್ಬ ಕೊಳ್ಳುತ್ತಾರೆ. ಒಂದು ಕಾಲಿಗೆ ಕ್ಯಾಲಿಪರ್, ಎರಡೂ ಕೈಗೆ ಊರುಗೋಲು ಇರುವವರು ತುಳಿಯುವುದು ಹೇಗೆ? ಮೊಣಕೈಯಿಂದ ತಳ್ಳಿದರೆ ಒಳಕ್ಕೆ ಬಾಗುವ ಮುಚ್ಚಳದ ಡಬ್ಬವನ್ನು ಎರಡು ಅಡಿ ಎತ್ತರದ ಗಾಲಿಬಂಡಿಯ ಮೇಲಿಡಿ. ಬಂಡಿಯನ್ನು ಕುರ್ಚಿಯ ಮುಂದೆ ತಳ್ಳಿಕೊಂಡು ಹೋಗಬಹುದು, ಊರುಗೋಲಿನ ದಿನ ಅದೇ ಆಸರೆಯಾಗಿಬಿಡುತ್ತದೆ ಎಂದು ಮಾತ್ರ ನಂಬಬೇಡಿ. ಅದು ಉರುಳುವ ವಸ್ತು. ಆಸರೆಗೆ ಗೋಡೆಯಲ್ಲಿ ಗಟ್ಟಿ ಹಿಡಿಕಂಬಿ ಬೇರೆಯೇ ಬೇಕು. ಬುಟ್ಟಿಗಳಿಗೆ ಬಣ್ಣ ಗೊತ್ತುಮಾಡಿ: ಮಲಮೂತ್ರದ ಬಟ್ಟೆಗೆ ಕೆಂಪು, ದುಪ್ಪಟಿ-ಹಾಸಿಗೆಗೆ ನೀಲಿ, ಊಟದ ಟವೆಲ್‌ಗೆ ಹಸಿರು. ದೃಷ್ಟಿ ಮಂದವಾದವರಿಗೂ ಓದಲು ಬಾರದವರಿಗೂ ಒಂದೇ ಗುರುತು ಸಾಕು. ಕೆಂಪು ಬುಟ್ಟಿಯದನ್ನು 60 ಡಿಗ್ರಿಯಲ್ಲಿ ಪ್ರತ್ಯೇಕವಾಗಿ ಒಗೆಯಿರಿ.

ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವ ಊರು ಇದು. ಕಿವಿಗೆ ಸಾಧನ ಹಾಕಿಕೊಂಡ ಮಕ್ಕಳು ನಿಮ್ಮಲ್ಲಿಗೂ ಬರಬಹುದು. ತಲೆಯ ಮೇಲಿನಿಂದ ಅಂಗಿ ಎಳೆಯುವಾಗ ಕಿವಿಯ ಸಾಧನ ಕಳಚಿ ಅಂಗಿಯೊಳಗೇ ಸುತ್ತಿಕೊಂಡು ಮೆಷಿನ್ ಸೇರುತ್ತದೆ. ಒಂದು ಒಗೆತ ಸಾಕು, ಸಾವಿರಾರು ರೂಪಾಯಿಯ ಸಾಧನ ಹೋದಂತೆ. ಬಟ್ಟೆ ಬದಲಿಸುವ ಮೇಜಿನ ಮೇಲೆ ಮುಚ್ಚಳವಿರುವ ಚಿಕ್ಕ ಡಬ್ಬಿ ಇಟ್ಟು, ಮೊದಲು ಸಾಧನ, ಆಮೇಲೆ ಅಂಗಿ ಎಂಬ ಕ್ರಮ ಮಾಡಿ. ಅದರೊಳಗಿನ ಗುಂಡಿಯಂಥ ಬ್ಯಾಟರಿಯನ್ನು ಯಾವ ಮಗುವಾದರೂ ನುಂಗಿದರೆ ಕಾಯದೆ ಆಸ್ಪತ್ರೆಗೆ ಓಡಬೇಕು. ಕಿವಿ ಕೇಳದ ಸಿಬ್ಬಂದಿ ಇರುವ ಕಡೆ ಮೆಷಿನ್‌ನ ಬೀಪ್ ವ್ಯರ್ಥ. ಮೊಬೈಲ್‌ಗೆ ಕಂಪನದ ಸೂಚನೆ ಕಳುಹಿಸುವ ಮಾದರಿ ಆರಿಸಿಕೊಳ್ಳಿ.

ಒಣಗಿಸುವುದು

ತಾರಸಿಯ ಮೆಟ್ಟಿಲೇ ನಿಮ್ಮ ಮನೆಯ ಅತಿ ದೊಡ್ಡ ಅಡ್ಡಿ, ಮಿಕ್ಕದ್ದು ಆಮೇಲೆ. ಏಳು ಕಿಲೊ ಬಟ್ಟೆ ಹಿಂಡಿದ ಮೇಲೂ ಹತ್ತು ಕಿಲೊ ದಾಟುತ್ತದೆ. ಒದ್ದೆ ಬುಟ್ಟಿ ಹಿಡಿದು ಮೇಲೇರುವುದು ಎರಡು ಕಾಲು ಗಟ್ಟಿ ಇರುವವರಿಗೂ ಒಳ್ಳೆಯದಲ್ಲ. ಒಣಗಿಸುವುದು ನೆಲಮಹಡಿಗೆ ಬರಲಿ. ಹಿತ್ತಲಿನ ಮೇಲೆ ಅರ್ಧ ಭಾಗಕ್ಕೆ ಬೆಳಕು ಬಿಡುವ ಪಾಲಿಕಾರ್ಬೊನೇಟ್ ಹಾಳೆ ಹೊದಿಸಿ, ಉಳಿದರ್ಧ ಜಾಲರಿ ಬಿಡಿ. ಮೇ ತಿಂಗಳ ಗುಡುಗು ಮಳೆಯಿಂದ ಹಿಡಿದು ದಸರಾ ಹೊತ್ತಿನ ಮಳೆಯವರೆಗೆ ಬಟ್ಟೆ ಒಳಗೇ ಒಣಗಬೇಕು. ಗಾಳಿಯಾಡದಿದ್ದರೆ ಮುಗ್ಗಲು ವಾಸನೆ ಹತ್ತಿ ಮಕ್ಕಳ ಮೈ ಕೆರೆಯುತ್ತದೆ. ಎದುರುಬದುರು ಕಿಂಡಿ, ಒಂದು ಎಗ್ಸಾಸ್ಟ್ ಫ್ಯಾನ್ ಸಾಕು.

ರಾಟೆಗೆ ಹಗ್ಗ ಕಟ್ಟಿ ಸೂರಿನಿಂದ ಇಳಿಸುವ ಕಂಬಿಗಳು ಎಲ್ಲ ಕಡೆ ಜನಪ್ರಿಯ. ಕುಳಿತವರಿಗೆ ಅವು ನಿಜಕ್ಕೂ ಅನುಕೂಲ, ಆದರೆ ಜೋತಾಡುವ ಹಗ್ಗ ಪುಟ್ಟ ಮಗುವಿನ ಕೊರಳಿಗೆ ಕುಣಿಕೆ. ಹಗ್ಗದ ಬದಲು ಹಿಡಿ ತಿರುಗಿಸಿ ಇಳಿಸುವ ಮಾದರಿ ಹಾಕಿಸಿ, ಇಲ್ಲವೇ ನಾಲ್ಕು ಅಡಿ ಎತ್ತರದಲ್ಲಿ ಗೋಡೆಗೆ ಮಡಚಿಕೊಳ್ಳುವ ಕಂಬಿಯ ಸ್ಟ್ಯಾಂಡ್ ಹಾಕಿ. ಮಾಗಿಯ ಬಿಸಿಲಿಗೆ ದುಪ್ಪಟಿ, ಹೊದಿಕೆ ತಾರಸಿಗೆ ಹೋಗಬೇಕೆನಿಸಿದರೆ ಆ ಕೆಲಸ ಬೇರೆಯವರದಾಗಲಿ. ದಿನದ ಬಟ್ಟೆ ಮಾತ್ರ ಕೆಳಗೇ.

ಮಡಚುವ ಮೇಜನ್ನು ಬೀಗದ ಬಾಗಿಲಿನ ಹೊರಗೆ, ಮಕ್ಕಳ ಕೋಣೆಯ ಅಂಚಿನಲ್ಲಿ ಇಡಿ. ಅಲ್ಲಿ ನೀರಿಲ್ಲ, ಫಿನಾಯಿಲ್ ಇಲ್ಲ, ವಿದ್ಯುತ್ ಇಲ್ಲ. ದೊಡ್ಡವರಿಗೆ 750 ಮಿಲಿಮೀಟರ್ ಎತ್ತರದ ಹಲಗೆ. ಅದರ ಕೆಳಗಿನಿಂದ ಡ್ರಾಯರ್‌ನಂತೆ ಹೊರಬರುವ ಇನ್ನೊಂದು ಹಲಗೆ 600 ಮಿಲಿಮೀಟರಿನಲ್ಲಿ. ನಿಮ್ಮ ಐದು ವರ್ಷದ ಹುಡುಗಿಯ ಕುರ್ಚಿ ಅದರ ಕೆಳಗೆ ನುಗ್ಗುತ್ತದೆಯೇ ಎಂದು ಅಳೆದೇ ಮಾಡಿಸಿ. ಊಟದ ಟವೆಲ್ ಮಡಚುವುದು, ಕಾಲುಚೀಲದ ಜೋಡಿ ಹುಡುಕುವುದು ಆ ವಯಸ್ಸಿಗೆ ಇಷ್ಟದ ಕೆಲಸ. ಅವಳ ಬಟ್ಟೆ ಬದಲಿಸಲು ಮಗುವಿನ ಮೇಜು ಈಗಾಗಲೇ ಚಿಕ್ಕದಾಗಿರುತ್ತದೆ. ಹಿಡಿ ತಿರುಗಿಸಿ ಏರಿಸಿ ಇಳಿಸುವ ಆಸ್ಪತ್ರೆಯ ಮಂಚ ಬಳಸಿದ್ದು ಸಿಕ್ಕರೆ ಕೊಳ್ಳಿ. ಕುರ್ಚಿಯಿಂದ ಜರುಗಿಸುವಾಗ ಅದು ತಗ್ಗಿರುತ್ತದೆ, ಆಮೇಲೆ ನಡು ಬಾಗದ ಎತ್ತರಕ್ಕೆ ಏರುತ್ತದೆ.

ಉಳಿದವನ್ನು ಬೇಗ ಮುಗಿಸುತ್ತೇನೆ. ಮೆಷಿನ್‌ಗೆ ಪ್ರತ್ಯೇಕ 16 ಆಂಪಿಯರ್ ತಂತಿ, 30 ಮಿಲಿಆಂಪಿಯರ್‌ಗೆ ಬೀಳುವ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್ಚು), ಸರಿಯಾದ ಅರ್ತಿಂಗ್ ಇರಲೇಬೇಕು. ಸ್ವಿಚ್ಚು ಮೆಷಿನ್ ಹಿಂದೆ ಅಡಗಿರಬಾರದು. ಖಾಲಿ ಬಿಟ್ಟ ಮೂರಡಿಯ ಪಕ್ಕದ ಗೋಡೆಯಲ್ಲಿ, ಒಂದು ಮೀಟರ್ ಎತ್ತರದಲ್ಲಿ, ನೀರು ಸಿಡಿದರೂ ತಡೆಯುವ ಮುಚ್ಚಳದೊಂದಿಗೆ ಇರಲಿ. ಕಾವೇರಿ-ಕಬಿನಿ ನೀರು ಬರುವ ಬಡಾವಣೆಗಳಲ್ಲಿ ತೊಂದರೆ ಕಡಿಮೆ. ಬೋರ್‌ವೆಲ್‌ನ ಗಡಸು ನೀರಾದರೆ ಮೆಷಿನ್‌ನ ಹೀಟರಿಗೆ ಸುಣ್ಣದ ಪೊರೆ ಕಟ್ಟುತ್ತದೆ, ಆಗಾಗ ಸಿಟ್ರಿಕ್ ಆಮ್ಲ ಹಾಕಿ ಖಾಲಿ ಓಡಿಸಬೇಕು. ತಾರಸಿಯ ಟ್ಯಾಂಕ್‌ನಿಂದ ನೇರವಾಗಿ ನೀರು ಬರುವುದಾದರೆ ಮೆಷಿನ್ ಕೇಳುವ ಕನಿಷ್ಠ ಒತ್ತಡ ಎಷ್ಟೆಂದು ಕೊಳ್ಳುವ ಮುನ್ನ ನೋಡಿ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಎಂಬ ಲೆಕ್ಕದಲ್ಲಿ ಒಂದಂತಸ್ತಿನ ಟ್ಯಾಂಕ್ ಅರ್ಧ ಬಾರ್ ಕೂಡ ಕೊಡದಿರಬಹುದು. ವಾಸ್ತುವಿನ ಪ್ರಶ್ನೆಯನ್ನು ನೀವು ಎತ್ತಿಲ್ಲ, ಆದರೆ ಕಲ್ಲು ಸರಿಸುವ ದಿನ ಯಾರಾದರೂ ಎತ್ತಿಯೇ ಎತ್ತುತ್ತಾರೆ. ನಾನು ಹೇಳಿದ ಯಾವುದೂ ಒಗೆಯುವ ಜಾಗವನ್ನು ಮನೆಯ ಇನ್ನೊಂದು ಮೂಲೆಗೆ ಒಯ್ಯುವುದಿಲ್ಲ, ಆದ್ದರಿಂದ ಈಶಾನ್ಯಕ್ಕೆ ಸಿಟ್ಟು ಬರುವ ಕಾರಣ ಕಾಣೆ.

ದುಡ್ಡು ಒಮ್ಮೆಗೇ ಇಲ್ಲದಿದ್ದರೆ ಈ ವಾರವೇ ಆಸಿಡ್ ಹೊರಹಾಕಿ, ಅಟ್ಟದ ಸಾಮಾನನ್ನು ಆಯಸ್ಕಾಂತದ ಬೀಗದ ಕಪಾಟಿಗೆ ಇಳಿಸಿ, ಬಾಗಿಲಿಗೆ ಅಂಕಿಯ ಬೀಗ ಹಾಕಿ, ಒಣಗಿಸುವುದನ್ನು ಕೆಳಗೆ ತನ್ನಿ. ನೆಲ ಏರಿಸುವುದು ಬೇಸಿಗೆಯ ಕೆಲಸ. ಕಾಂಕ್ರೀಟಿಗೆ ಕನಿಷ್ಠ ಏಳು ದಿನ ನೀರುಣಿಸಬೇಕು, ಅಷ್ಟೂ ದಿನ ಬಟ್ಟೆಯನ್ನು ಹೊರಗೆ ಒಗೆಯಲು ಕೊಡಿ. ಮೆಷಿನ್ ಬದಲಿಸುವುದು ಎಲ್ಲಕ್ಕಿಂತ ಕೊನೆಗೆ ಇರಲಿ, ಈಗಿನದನ್ನು ಮಾರಿದ ದುಡ್ಡೂ ಸೇರುತ್ತದೆ. ಇದೆಲ್ಲಕ್ಕೂ ಮುನ್ನ ಒಂದು ಮಧ್ಯಾಹ್ನ, ಮಕ್ಕಳು ಮಲಗಿರುವ ಹೊತ್ತಿನಲ್ಲಿ, ನಿಮ್ಮ ಸಹಾಯಕಿಯನ್ನು ಅವರ ಕುರ್ಚಿಯಲ್ಲೇ ಗೋಡೆಯ ಹತ್ತಿರ ಕೂರಿಸಿ, ಕೈಗೆ ಸೀಮೆಸುಣ್ಣ ಕೊಡಿ. ನೋವಿಲ್ಲದೆ ಎಷ್ಟು ಎತ್ತರಕ್ಕೆ, ಎಷ್ಟು ಪಕ್ಕಕ್ಕೆ ಕೈ ಹೋಗುತ್ತದೆ ಎಂದು ಅವರೇ ಗೆರೆ ಎಳೆಯಲಿ. ಊರುಗೋಲಿನಲ್ಲಿ ನಿಂತು ಇನ್ನೊಮ್ಮೆ ಎಳೆಯಲಿ. ಮಾರ್ಗಸೂಚಿಯ ಅಂಕಿಗಳು ಸರಾಸರಿಯವು, ನಿಮಗೆ ಬೇಕಾದದ್ದು ಅವರ ಭುಜದ ಅಂಕಿ. ಆ ಗೆರೆಗಳ ಫೋಟೊ ತೆಗೆದು, ಪಕ್ಕದಲ್ಲಿ ಅಳತೆ ಬರೆದು ಮೇಸ್ತ್ರಿಗೆ ಕೊಡಿ. ಗೋಡೆಯ ಮೇಲೆ ಬಿಟ್ಟರೆ ಮೊದಲ ದಿನವೇ ಗಾರೆ ಬಳಿದುಬಿಡುತ್ತಾರೆ.